ನಿನ್ನ ಅಂಗಡಿ ಎಲ್ಲಿ?

(ಮಾತಾಡಿದವರು ಇಬ್ಬರು. ಒಬ್ಬರು ರೇಷ್ಮೆ ಇಲಾಖೆಯಲ್ಲಿ ಪ್ರದರ್ಶಕರಾಗಿ ಸೇರಿ, ಬಡ್ತಿ ಪಡೆದು ನಿವೃತ್ತರಾದವರು, ಮನೆ ಶಿಡ್ಲಘಟ್ಟ. ಇನ್ನೊಬ್ಬಳು ಅವರ ತಮ್ಮನ ಮಗಳು. ಚಿಂತಾಮಣಿಯ ರೇಷ್ಮೆ ಕೃಷಿ ಕಾಲೇಜಿನಲ್ಲಿ ಓದಿ, ಉಗಾಂಡ ದೇಶದ ಪಶ್ಚಿಮದ ಒಂದು ಹಳ್ಳಿಯಲ್ಲಿ ಎರಡು ವರ್ಷ ಸ್ವಯಂಸೇವಕಿಯಾಗಿದ್ದು ಬಂದವಳು. ಈ ಸೀಮೆಯ ಮನೆಮಾತು ಹೇಗೋ ಹಾಗೆ ಅವರ ಮಾತಿನಲ್ಲಿ ಅರ್ಧಕ್ಕರ್ಧ ತೆಲುಗಿತ್ತು. ಅದನ್ನು ಕನ್ನಡಕ್ಕೆ ತಂದವನೂ, ಅಲ್ಲಲ್ಲಿ ಕಂಸದೊಳಗೆ ಬಾಯಿ ಹಾಕಿದವನೂ ನಾನು.)

— ಊರಲ್ಲಿ ಎಲ್ಲರೂ ನನ್ನನ್ನೇ ಕೇಳ್ತಾರಮ್ಮ, ‘ನಿಮ್ಮ ಹುಡುಗಿ ಫಾರಿನ್ನಿಗೆ ಹೋಗಿ ಎಷ್ಟು ತಂದ್ಲು?’ ಅಂತ. ಸಂಬಳ ಇಲ್ಲದ ಕೆಲಸಕ್ಕೆ ಹೋಗಿದ್ಲು ಅಂದ್ರೆ ಒಬ್ಬರೂ ನಂಬಲ್ಲ.

— ಅಲ್ಲಿಯವರೂ ನಂಬಲಿಲ್ಲ ದೊಡ್ಡಪ್ಪ. ಊಟಕ್ಕೆ, ಮನೆ ಬಾಡಿಗೆಗೆ ಅಂತ ತಿಂಗಳಿಗಿಷ್ಟು ಕೊಡೋರು, ಅಷ್ಟೇ. ಹೋದ ಹೊಸದರಲ್ಲಿ ನೀರಿಗೆ ಅಂತ ಪಂಪಿನ ಹತ್ರ ಹೋದ್ರೆ, ಒಬ್ಬ ಅಜ್ಜಿ ನನ್ನನ್ನ ಮೇಲಿಂದ ಕೆಳಗೆ ನೋಡಿ ಕೇಳಿದ್ದು: ‘ನಿನ್ನ ಅಂಗಡಿ ಎಲ್ಲಿ?’

— ಅಂಗಡಿನಾ? ಯಾವ ಅಂಗಡಿ?

— ನಮ್ಮನ್ನ ಅಲ್ಲಿ ಮುಹಿಂದಿ ಅಂತಾರೆ. ಮುಹಿಂದಿ ಅಂದ್ರೆ ಇಂಡಿಯಾದವನು, ಅವರ ಲೆಕ್ಕದಲ್ಲಿ ಅಂಗಡಿ ಇಟ್ಟಿರೋನು. ಬ್ರಿಟಿಷರ ಕಾಲದಿಂದ ಗುಜರಾತಿನವರು ಹೋಗಿ ಪೇಟೆ ಪೇಟೆಯಲ್ಲೂ ವ್ಯಾಪಾರಕ್ಕೆ ಕೂತಿದ್ರಲ್ಲ. 1972ರಲ್ಲಿ ಇದಿ ಅಮೀನ್ 90 ದಿನ ಗಡುವು ಕೊಟ್ಟು ಓಡಿಸಿದ. ಎಷ್ಟೋ ವರ್ಷದ ಮೇಲೆ ಕೆಲವರು ವಾಪಸ್ಸು ಬಂದ್ರು. ಆ ಅಜ್ಜಿಗೆ ಅದೆಲ್ಲ ನೆನಪಿತ್ತು. ಬಿಳಿಯರು ಬಂದ್ರೆ ಯಾವುದೋ ಮಿಷನ್ನು, ಯಾವುದೋ ಪ್ರಾಜೆಕ್ಟು ಅಂತ ಲೆಕ್ಕ ಸಿಗುತ್ತೆ. ನಮ್ಮವರು ಬಂದು ಹಳ್ಳಿಯಲ್ಲಿ ಕೂತು, ಏನೂ ಮಾರದೆ, ಮಣ್ಣಿನ ಗೋಡೆಯ ಮನೇಲಿ ಹುಳ ಮೇಯಿಸ್ತೀನಿ ಅಂದ್ರೆ, ಇವಳದ್ದು ಏನೋ ಒಳಗುಟ್ಟಿದೆ ಅಂತಲೇ ಅವರ ಅನುಮಾನ.

— ಅನುಮಾನ ಪಟ್ಟಿದ್ರಲ್ಲಿ ತಪ್ಪೇನಿಲ್ಲ. ನಾವೂ ಪಟ್ಟಿದ್ವಿ.

— ಯಾರ ಮೇಲೆ?

— ಅಮೆರಿಕದವರ ಮೇಲೆ. ನನ್ನ ಸೋದರಮಾವ ಬಿಡಿಒ ಆಫೀಸಿನಲ್ಲಿ ಗುಮಾಸ್ತ, ಆಗಿನ್ನೂ ಮೈಸೂರು ರಾಜ್ಯ. ಪೀಸ್ ಕೋರ್ ಅಂತ, ಕೆನಡಿ 1961ರಲ್ಲಿ ಶುರು ಮಾಡಿದ್ದು. ಕಾಲೇಜು ಮುಗಿಸಿದ ಹುಡುಗ ಹುಡುಗಿಯರು ಎರಡು ವರ್ಷಕ್ಕೆ ಅಂತ ಬರೋರು. ಅವತ್ತಿಗೆ ನಿನ್ನ ವಯಸ್ಸೇ ಇರಬೇಕು. ಮೊದಲ ತಂಡ ಅದೇ ವರ್ಷದ ಡಿಸೆಂಬರಿನಲ್ಲಿ ಪಂಜಾಬಿಗೆ ಬಂತು. ಆಮೇಲೆ ಮೈಸೂರು ರಾಜ್ಯಕ್ಕೂ ಬಂದ್ರು. ಇಲ್ಲಿಗೆ ಬರೋರಿಗೆ ಅಲ್ಲೇ ಕನ್ನಡ ಕಲಿಸಿ ಕಳಿಸೋರು.

— ಕನ್ನಡ ಕಲಿತು ಚಿಂತಾಮಣಿ ಕಡೆ ಹಳ್ಳಿಗೆ ಬಂದಿದ್ರೆ ಏನು ಗತಿ!

— ಅದೇ ಮತ್ತೆ. ಮನೆಯೊಳಗೆ ತೆಲುಗು, ಸ್ಕೂಲಿನಲ್ಲಿ ಕನ್ನಡ, ಗೂಡಿನ ಮಾರ್ಕೆಟ್ಟಲ್ಲಿ ರೀಲರ್ ಸಾಬರ ಜೊತೆ ಉರ್ದು. ಒಂದು ಭಾಷೆ ಕಲಿತ ಮನುಷ್ಯ ಇಲ್ಲಿ ಒಂದು ಬೀದಿ ದಾಟೋಕಾಗಲ್ಲ. ನಮ್ಮ ಮಾವ ಹೇಳೋನು, ಅವರ ಆಫೀಸಿಗೂ ಅಂಥ ಒಬ್ಬ ಹುಡುಗ ಬಂದಿದ್ನಂತೆ, ಸೈಕಲ್ಲಿನಲ್ಲಿ ಬರೋನಂತೆ, ಸೀಮೆಎಣ್ಣೆ ಸ್ಟವ್ವಿನಲ್ಲಿ ನೀರು ಕಾಯಿಸಿಕೊಂಡು ಕುಡಿಯೋನಂತೆ. ಅವನು ಹಲ್ಲುಜ್ಜೋದನ್ನ ನೋಡೋಕೆ ಬೆಳಿಗ್ಗೆ ಮಕ್ಕಳೆಲ್ಲ ಜಗಲಿ ಮೇಲೆ ಕಾಯೋವಂತೆ. ಆಫೀಸಿನಲ್ಲಿ ಮಾತ್ರ ಎಲ್ಲರಿಗೂ ಒಂದೇ ಯೋಚನೆ: ಇಷ್ಟು ಓದಿದೋನು, ಅಷ್ಟು ದೂರದಿಂದ ಬಂದು, ನಮ್ಮೂರ ಕೋಳಿ ಎಣಿಸ್ತಾನಲ್ಲ, ಯಾಕೆ?

— ಕೋಳಿ ಎಣಿಸೋಕೇ ಬಂದಿದ್ನಾ?

— ಕೋಳಿ ಸಾಕಾಣಿಕೆ. ಬಿಳಿ ಲೆಗಾರ್ನ್ ಕೋಳಿ ತಂದು, ಮರದ ಹೊಟ್ಟು ಹಾಸಿ, ಲೈಟು ಹಾಕಿ ಸಾಕೋದು ಹೇಗೆ ಅಂತ ತೋರಿಸೋನು. ದೇಶದ ಎಷ್ಟೋ ಕಡೆ ಅವರ ಕೆಲಸ ಅದೇ. ಮೊಟ್ಟೆ ಚೆನ್ನಾಗೇ ಬಂತಂತೆ. ಆದ್ರೆ ನಾಟಿ ಕೋಳಿ ತಿಪ್ಪೆ ಕೆದಕಿ ಬದುಕುತ್ತೆ, ಲೆಗಾರ್ನು ಹಾಗಲ್ಲ. ಅದಕ್ಕೆ ಫೀಡು ಬೇಕು, ರಾಣಿಖೇತ ರೋಗಕ್ಕೆ ಲಸಿಕೆ ಬೇಕು, ಮೊಟ್ಟೆ ಒಡೀದೆ ಪೇಟೆ ಸೇರಬೇಕು. ಫೀಡು ಎಲ್ಲಿಂದಲೋ ಅವನೇ ತರಿಸೋನು. ಅವನು ಹೊರಟುಹೋದ, ಫೀಡು ನಿಂತಿತು. ಆಮೇಲೆ ಒಂದು ಹಬ್ಬ ಬಂತು, ಕೋಳಿ ಮುಗೀತು.

(ಭಾರತದಲ್ಲಿ ಪೀಸ್ ಕೋರ್ 1976ರವರೆಗೆ ಇತ್ತು, ಅಷ್ಟರಲ್ಲಿ ನಾಲ್ಕು ಸಾವಿರಕ್ಕೂ ಹೆಚ್ಚು ಮಂದಿ ಬಂದು ಹೋದರು. ಎಲ್ಲರೂ ಹುಡುಗರಲ್ಲ. ಮುಂದೆ ಅಧ್ಯಕ್ಷರಾದ ಜಿಮ್ಮಿ ಕಾರ್ಟರ್ ಅವರ ತಾಯಿ ಲಿಲಿಯನ್ ಕಾರ್ಟರ್ 1966ರಲ್ಲಿ, ತಮ್ಮ 68ನೇ ವಯಸ್ಸಿನಲ್ಲಿ, ಮುಂಬಯಿಯ ವಿಖ್ರೋಲಿಗೆ ನರ್ಸಾಗಿ ಬಂದರು. ಈ ಯೋಜನೆಯ ಮೊದಲ ನಿರ್ದೇಶಕ ಸಾರ್ಜೆಂಟ್ ಶ್ರೈವರ್ ದೆಹಲಿಗೆ ಕೇಳಿಕೊಂಡು ಬಂದಾಗ ನೆಹರೂ ಹೇಳಿದ್ದರಂತೆ, ನಿಮ್ಮ ಮಕ್ಕಳು ಇಲ್ಲಿ ಬಂದು ಬೇಕಾದಷ್ಟು ಕಲಿಯಬಹುದು. ಆದರೆ ಅವರು ಬಂದಾಗ ಪಂಜಾಬು ಹೇಗಿತ್ತೋ ಹೋಗುವಾಗಲೂ ಹೆಚ್ಚುಕಡಿಮೆ ಹಾಗೇ ಇದ್ದರೆ ಬೇಸರ ಮಾಡಿಕೊಳ್ಳಬಾರದು ಅಂತ. ಸ್ವಯಂಸೇವಕರ ತರಬೇತಿ ಪುಸ್ತಕಕ್ಕೆ ಇದಕ್ಕಿಂತ ಒಳ್ಳೆ ಮೊದಲ ಪುಟ ನನಗೆ ತೋಚುವುದಿಲ್ಲ.)

— ನಿಮ್ಮ ಮಾವನ ಕಥೆ ಕೇಳಿದ್ರೆ ನನ್ನದೂ ಅದೇ ಅನ್ನೋ ಹಾಗಿದೆ. ಆದ್ರೆ ಮೊದಲು ದಿನ ಹೇಗಿರ್ತಿತ್ತು ಅಂತ ಹೇಳ್ತೀನಿ, ಆಮೇಲೆ ಬೈಯಿರಿ.

— ಹೇಳು, ಬೈಯೋದೇನೂ ಓಡಿಹೋಗಲ್ಲ.

— ಊರು ಟೋರೊ ಸೀಮೆಯಲ್ಲಿ, ಫೋರ್ಟ್ ಪೋರ್ಟಲ್ ಅನ್ನೋ ಪಟ್ಟಣದಿಂದ ಒಳಗೆ. ದೂರಕ್ಕೆ ರುವೆಂಜೋರಿ ಬೆಟ್ಟ, ಸುತ್ತ ಟೀ ತೋಟ, ಬಾಳೆ, ಮೆಕ್ಕೆಜೋಳ. ಬೆಳಕು ಹರಿಯೋ ಮೊದಲೇ ಹಳದಿ ಕ್ಯಾನು ಹಿಡ್ಕೊಂಡು ಪಂಪಿಗೆ ಹೋಗಬೇಕು. ಅಡುಗೆ ಎಣ್ಣೆ ಬರೋ ಇಪ್ಪತ್ತು ಲೀಟರಿನ ಕ್ಯಾನು, ಆ ದೇಶದಲ್ಲಿ ನೀರಿನ ಅಳತೆಯೇ ಅದು. ಪಂಪ್ ನೋಡಿದ ತಕ್ಷಣ ನಂಗೆ ನಗು ಬಂತು. ನಮ್ಮೂರ ಪಂಪೇ! ಅದೇ ಉದ್ದದ ಹ್ಯಾಂಡಲ್ಲು, ಅದೇ ಪೆಟ್ಟಿಗೆ ತಲೆ, ಒಳಗೆ ಅದೇ ಚೈನು.

— ಮಾರ್ಕ್-ಟೂ?

— ಹೂಂ, ಇಂಡಿಯಾ ಮಾರ್ಕ್-2. ಅವರು ಅದನ್ನ ಯು-2 ಅಂತಾರೆ. ಅವರ ಸರ್ಕಾರ ಅದನ್ನೇ ತಮ್ಮ ದೇಶದ ಪಂಪು ಅಂತ ಮಾಡ್ಕೊಂಡಿದೆ.

— ಎಪ್ಪತ್ತರ ದಶಕದಲ್ಲಿ ಯುನಿಸೆಫ್ ಮತ್ತೆ ನಮ್ಮ ಸರ್ಕಾರ ಸೇರಿ ಮಾಡಿದ್ದು. ಮೂಲ ಸೊಲ್ಲಾಪುರದ್ದು. ನಮ್ಮ ತಾಲ್ಲೂಕಿನಲ್ಲಿ ಅದೀಗ ಎಮ್ಮೆ ಕಟ್ಟೋ ಗೂಟ. ಸಾವಿರ ಅಡಿ ಕೊರೆದ್ರೂ ಧೂಳು ಬರೋ ನೆಲದಲ್ಲಿ ಕೈಪಂಪು ಯಾಕೆ ಬೇಕು? ನೂರೈವತ್ತು ಅಡಿಯಲ್ಲಿ ನೀರಿದ್ದ ಕಾಲದ ಸಾಮಾನು ಅದು. ಈಗ ನಾವು ಬೆಂಗಳೂರಿನವರು ತೊಳೆದು ಬಿಟ್ಟ ನೀರನ್ನ ಶುದ್ಧೀಕರಿಸಿ ಪೈಪಿನಲ್ಲಿ ತಂದು ಚಿಕ್ಕಬಳ್ಳಾಪುರದ ಕಂದವಾರ ಕೆರೆಗೆ ತುಂಬಿಸ್ತಾ ಇದೀವಿ.

— ಅಲ್ಲಿ ಆ ಪಂಪೇ ಊರಿನ ಕಚೇರಿ ದೊಡ್ಡಪ್ಪ. ಯಾರಿಗೆ ಹೆರಿಗೆಯಾಯ್ತು, ಯಾರು ತೀರಿಕೊಂಡ್ರು, ಯಾರ ಮಗ ಕಂಪಾಲಾಗೆ ಓಡಿದ, ಎಲ್ಲ ಅಲ್ಲೇ. ನನ್ನನ್ನ ಕಳಿಸಿದ್ದ ಸಂಸ್ಥೆಯವರು ‘ಸಮುದಾಯ ಸಭೆ ಮಾಡಿ’ ಅಂತ ಫಾರಂ ಕೊಟ್ಟಿದ್ರು. ಸಭೆಗೆ ಬಂದೋರು ನಂಗೆ ಬೇಕಾದ ಉತ್ತರ ಕೊಟ್ಟು ಹೋಗೋರು. ಪಂಪಿನ ಹತ್ರ ಕ್ಯೂನಲ್ಲಿ ನಿಂತಾಗ ಕಿವಿಗೆ ಬಿದ್ದಿದ್ದು ಬೇರೆ.

— ಏನು ಬಿತ್ತು?

— ಹುಳದ ಸೊಪ್ಪಿಗೆ ಅಂತ ಜಾಗ ಬಿಟ್ಟು ಬೀನ್ಸ್ ಕಮ್ಮಿ ಹಾಕಿದೀವಿ, ಗೂಡಿಗೆ ದುಡ್ಡು ಬರದಿದ್ರೆ ಯಾರನ್ನ ಕೇಳೋದು, ಅಂತ. ನನ್ನ ಮುಂದೆ ಒಬ್ಬರೂ ಹೇಳಿರಲಿಲ್ಲ.

— ಹಾಗಾದ್ರೆ ನಿಂಗೆ ಅವರ ಭಾಷೆ ಬಂದಿತ್ತು ಅನ್ನು.

— ಕೇಳಿಸಿಕೊಳ್ಳೋ ಅಷ್ಟು. ಅಲ್ಲಿ ಇನ್ನೊಂದು ಚೆಂದ ಇದೆ. ಟೋರೊ, ಬುನ್ಯೋರೊ ಕಡೆ ಪ್ರತಿಯೊಬ್ಬರಿಗೂ ಹುಟ್ಟಿದ ಹೆಸರಿನ ಜೊತೆ ಎಂಪಾಕೊ ಅಂತ ಇನ್ನೊಂದು ಪ್ರೀತಿಯ ಹೆಸರು. ಇರೋದೇ ಹನ್ನೆರಡು ಹೆಸರು, ಇಡೀ ಜನಕ್ಕೆಲ್ಲ ಅವೇ. ದಾರೀಲಿ ಎದುರಾದೋರ ಎಂಪಾಕೊ ಕೇಳಿ, ಅದರಿಂದ ಕರೆದು, ಆಮೇಲೆ ಕ್ಷೇಮಸಮಾಚಾರ. ಅದನ್ನ ಹಿಡಿದು ಕರೆದ ಮೇಲೆ ಜಗಳ ಆಡೋದು ಕಷ್ಟ ಅಂತಾರೆ. 2013ರಲ್ಲಿ ಯುನೆಸ್ಕೊದವರು ಅಳಿದುಹೋಗ್ತಿರೋ ಪರಂಪರೆ ಅಂತ ಪಟ್ಟಿಗೆ ಸೇರಿಸಿದ್ರು. ನಂಗೂ ಒಂದು ಕೊಟ್ರು.

— ಏನಂತ?

— ಹೇಳಲ್ಲ. ನೀವು ಮಾರ್ಕೆಟ್ಟಿನಲ್ಲೆಲ್ಲ ಕೂಗ್ತೀರ.

(ಎಷ್ಟು ಕೇಳಿದರೂ ಹೇಳಲಿಲ್ಲ.)

— ಊಟ? ನಿಮ್ಮಪ್ಪ ಫೋನಿನಲ್ಲಿ ‘ಮಗು ಸೊರಗಿದೆ’ ಅಂತ ಅಳ್ತಿದ್ದ.

— ಅಪ್ಪನಿಗೇನು ಗೊತ್ತು. ಮುದ್ದೆ ತಿಂದ್ಕೊಂಡಿದ್ದೆ.

— ಯಾರು ಕಳಿಸಿದ್ರು?

— ಯಾರೂ ಕಳಿಸಲಿಲ್ಲ, ಅಲ್ಲಿಯದ್ದೇ. ಕಾಲೊ ಅಂತಾರೆ. ರಾಗಿ ಹಿಟ್ಟಿಗೆ ಸ್ವಲ್ಪ ಮರಗೆಣಸಿನ ಹಿಟ್ಟು ಬೆರೆಸಿ, ಕುದಿಯೋ ನೀರಿಗೆ ಹಾಕಿ, ಮರದ ಕೋಲಿನಲ್ಲಿ ತಿರುವೋದು. ಎರಡು ಪಾದದ ಮಧ್ಯೆ ಪಾತ್ರೆ ಒತ್ತಿ ಹಿಡಿದು ತಿರುವೋ ಹೆಂಗಸನ್ನ ನೋಡಿದ್ರೆ ನಮ್ಮಜ್ಜಿಯನ್ನೇ ನೋಡಿದ ಹಾಗಾಯ್ತು. ಉಂಡೆ ಕಟ್ಟಲ್ಲ, ಮುಚ್ಚಳ ಇರೋ ಸಣ್ಣ ಬುಟ್ಟಿಗೆ ಹಾಕ್ತಾರೆ, ಅದರಿಂದ ಮುರಿದು ಮುರಿದು ತಿನ್ನೋದು. ಅದಕ್ಕೆ ನೆಂಚಿಕೊಳ್ಳೋಕೆ ಏನು ಗೊತ್ತಾ? ಫಿರಿಂಡ. ಬೀನ್ಸ್ ಕಾಳನ್ನ ನೆನೆಸಿ, ಒಂದೊಂದೇ ಹಿದುಕಿ ಸಿಪ್ಪೆ ತೆಗೆದು, ಬೇಯಿಸಿ ಮಸೆದದ್ದು.

— ಹಿದುಕಿದ ಬೇಳೆ!

— ಅದೇ. ಅವರೆಕಾಳಲ್ಲ ಅನ್ನೋದೊಂದೇ ಕೊರತೆ. ನಾಲ್ಕು ಹೆಂಗಸರು ಸುತ್ತ ಕೂತು ಹಿದುಕೋದೂ ಅದೇ ಥರ, ಆಡೋ ಮಾತೂ ಅದೇ ಥರ. ನಾನೂ ಕೂತೆ. ನನ್ನ ಕೈ ಓಡೋ ವೇಗ ನೋಡಿ ಒಬ್ಬಾಕೆ ‘ಇವಳಿಗೆ ಯಾರು ಕಲಿಸಿದ್ದು?’ ಅಂದ್ಲು. ನಂಗೆ ಅಂಗಡಿ ಇಲ್ಲ ಅನ್ನೋದನ್ನ ಅವತ್ತು ಊರು ಒಪ್ಪಿಕೊಂಡಿತು.

— ರಾಗಿಯ ತವರೇ ಆ ಕಡೆ ಕಣಮ್ಮ. ಉಗಾಂಡದಿಂದ ಇಥಿಯೋಪಿಯದವರೆಗಿನ ಎತ್ತರದ ನೆಲ. ಅಲ್ಲಿಂದ ಯಾವ ಕಾಲದಲ್ಲೋ ದಾಟಿ ಬಂದಿದ್ದನ್ನ ನಾವು ನಮ್ಮದು ಅಂತೀವಿ. ನಿನ್ನ ಪ್ರೊಫೆಸರುಗಳು ಇಂಡಾಫ್ ಬಗ್ಗೆ ಹೇಳಲಿಲ್ವಾ?

— ಹೆಸರು ಕೇಳಿದೀನಿ, ಹಳೇ ತಳಿ ಅಂತ.

— ಹಳೇದು ಅನ್ನಬೇಡ, ನಿನ್ನನ್ನ ಸಾಕಿದ್ದು ಅದು. ಮಂಡ್ಯದ ವಿ.ಸಿ. ಫಾರಂನಲ್ಲಿ ಲಕ್ಷ್ಮಣಯ್ಯ ಅಂತ ಒಬ್ಬರು, ರಾಗಿ ಲಕ್ಷ್ಮಣಯ್ಯ ಅಂತಲೇ ಹೆಸರು. ನಮ್ಮ ರಾಗಿಗೆ ಆಫ್ರಿಕದ ರಾಗಿ ಕೂಡಿಸಿದ್ರು. ರಾಗಿ ಹೂವು ಎಷ್ಟಿರುತ್ತೆ? ಕಣ್ಣಿಗೆ ಕಾಣಲ್ಲ. ಅದರಲ್ಲಿ ಸಂಕರ ಮಾಡೋದು ಅಂದ್ರೆ ಹುಚ್ಚು ಹಿಡಿದೋರ ಕೆಲಸ. ಇಂಡಿಯಾ, ಆಫ್ರಿಕಾ ಸೇರಿ ಇಂಡಾಫ್. ಎಪ್ಪತ್ತರ ದಶಕದಿಂದ ಇಂಡಾಫ್-5, ಇಂಡಾಫ್-9 ಬಂದ ಮೇಲೆ ನಮ್ಮ ಕಡೆ ಕಣ ತುಂಬಿತು. ನಿನ್ನ ಉಗಾಂಡ ನಮಗೆ ಮೊದಲೇ ಕೊಟ್ಟುಬಿಟ್ಟಿದೆ. ನೀನು ಹೋಗಿದ್ದು ಸಾಲ ತೀರಿಸೋಕೆ.

— ತೀರಿಸೋಕೆ ಆಗ್ಲಿಲ್ಲ ಅಂತ ತಾನೆ ನೀವು ಹೇಳೋದು?

— ಅದನ್ನ ನಿನ್ನ ಬಾಯಿಂದ ಕೇಳೋಣ ಅಂತಿದೀನಿ. ಹುಳದ ಕಥೆ ಹೇಳು.

— ಹುಳ ಚೆನ್ನಾಗೇ ಬಂತು ದೊಡ್ಡಪ್ಪ. ಅದೇ ನೋವು. ಬಿಸಿಲೂ ಹೆಚ್ಚಿಲ್ಲ, ಚಳಿಯೂ ಹೆಚ್ಚಿಲ್ಲ, ವರ್ಷಕ್ಕೆ ಎರಡು ಮಳೆಗಾಲ, ಹಿಪ್ಪುನೇರಳೆ ಕಡ್ಡಿ ನೆಟ್ರೆ ಸಾಕು, ಬೇಲಿಯೇ ತೋಟ ಆಗುತ್ತೆ. ಸಣ್ಣ ಹುಳಕ್ಕೆ ಎಳೆ ಸೊಪ್ಪು ಹೆಚ್ಚಿ ಹಾಕೋದು, ಪೊರೆ ಬಿಡೋ ಜ್ವರಕ್ಕೆ ಕೂತಾಗ ಸೊಪ್ಪು ನಿಲ್ಲಿಸಿ ಸುಣ್ಣದ ಪುಡಿ ಉದುರಿಸೋದು, ಎದ್ದ ಮೇಲೆ ಒಟ್ಟಿಗೆ ಮೇವು, ಕಾಲಿಗೆ ಇರುವೆ ಹತ್ತದ ಹಾಗೆ ಸ್ಟ್ಯಾಂಡಿನ ಕೆಳಗೆ ನೀರಿನ ಬಟ್ಟಲು. ಒಂದು ಬೆಳೆಯಲ್ಲಿ ಕಲಿತುಬಿಟ್ರು. ಕೊನೇ ಜ್ವರ ಎದ್ದ ಹುಳ ಮೇಯೋ ಸದ್ದು ಇದೆಯಲ್ಲ, ಮಳೆ ಬಿದ್ದ ಹಾಗೆ, ರಾತ್ರಿ ಅದನ್ನ ಕೇಳೋಕೆ ಪಕ್ಕದ ಮನೆಯೋರೆಲ್ಲ ಬರೋರು. ನಾನು ಬಾಗಿಲಲ್ಲೇ ತಡೀತಿದ್ದೆ.

— ಒಳ್ಳೇದು ಮಾಡಿದೆ. ಹುಳಮನೆಗೆ ಹೊರಗಿನೋರನ್ನ ಬಿಡಬಾರದು. ನಮ್ಮೋರು ದೃಷ್ಟಿ ಆಗುತ್ತೆ ಅಂತಾರೆ, ಇಲಾಖೆ ಸೋಂಕು ಅನ್ನುತ್ತೆ, ಎರಡಕ್ಕೂ ಬಾಗಿಲು ಒಂದೇ.

— ಅಲ್ಲೂ ದೃಷ್ಟಿ ಅಂದ್ರು, ನಂಗೆ ಕೆಲಸ ಸುಲಭ ಆಯ್ತು. ತೊಂದರೆ ಶುರುವಾಗಿದ್ದು ಹುಳ ಹಣ್ಣಾದ ಮೇಲೆ. ಗೂಡು ಬಿಡಿಸಿದ್ವಿ. ಬೆಳ್ಳಗೆ, ಗಟ್ಟಿ, ಕಿವಿ ಹತ್ರ ಅಲ್ಲಾಡಿಸಿದ್ರೆ ಕಟಕಟ ಅನ್ನೋ ಹಾಗೆ. ಆಮೇಲೆ? ಕೊಳ್ಳೋರು ಎಲ್ಲಿ? ಕೊಳ್ತೀವಿ ಅಂದಿದ್ದೋರು ‘ಇಷ್ಟು ಕಮ್ಮಿ ಮಾಲಿಗೆ ಗಾಡಿ ಕಳಿಸೋಕಾಗಲ್ಲ, ಒಣಗಿಸಿಟ್ಟಿರಿ’ ಅಂದ್ರು. ಒಣಗಿಸೋ ಯಂತ್ರ ಇಲ್ಲ. ಬಿಸಿಲಿಗೆ ಹಾಕೋಣ ಅಂದ್ರೆ ಮಳೆ. ಒಂದು ವಾರ ತಡ ಆದ್ರೆ ಚಿಟ್ಟೆ ಗೂಡು ತೂತು ಮಾಡಿ ಆಚೆ ಬರುತ್ತೆ. ತೂತಾದ ಗೂಡಿನ ನೂಲು ಬಿಚ್ಚೋಕೆ ಬರಲ್ಲ.

— ಚಿಟ್ಟೆ ಬಂತಾ?

— ಅರ್ಧಕ್ಕೆ ಬಂತು. ಮಕ್ಕಳಿಗೆ ಖುಷಿಯೋ ಖುಷಿ.

(ಇಲ್ಲಿ ಓದುಗರಿಗೆ ಒಂದು ಮಾತು. ಶಿಡ್ಲಘಟ್ಟದ ಕಡೆ ‘ನೂರು ಮೊಟ್ಟೆ ಮೇಯಿಸಿದೆ’ ಎಂದರೆ ನೂರು ಹುಳವಲ್ಲ. ಒಂದೊಂದು ‘ಮೊಟ್ಟೆ’ ಒಂದು ಚಿಟ್ಟೆ ಇಟ್ಟ ಇಡೀ ಗುಂಪು. ನೂರಕ್ಕೆ ನಲವತ್ತು ಐವತ್ತು ಸಾವಿರ ಹುಳ. ಕೊನೆಯ ಹಂತದಲ್ಲಿ ಮನೆಮಂದಿಯೆಲ್ಲ ಸೊಪ್ಪು ಹೊರುತ್ತಾರೆ, ನಿದ್ದೆ ಬಿಡುತ್ತಾರೆ. ಅಂಥದ್ದರ ಅರ್ಧ ಚಿಟ್ಟೆಯಾಗಿ ಹೋಯಿತು ಎಂದರೆ ಏನೆಂದು ಮೇಯಿಸಿದವರಿಗೆ ಗೊತ್ತು.)

— ಈಗ ಬೈಲಾ?

— ಬೈಯಿರಿ.

— ಬೈಯಲ್ಲ. ನಾಳೆ ಬೆಳಿಗ್ಗೆ ನಮ್ಮ ಮಾರ್ಕೆಟ್ಟಿಗೆ ಬಾ, ಸುಮ್ನೆ ಒಂದು ಕಡೆ ನಿಂತು ನೋಡು. ನಿಂಗೆ ಹುಟ್ಟಿದಾಗಿಂದ ಗೊತ್ತಿರೋದೇ, ಅದಕ್ಕೇ ನೋಡಿಲ್ಲ. ರಾತ್ರಿ ಗೂಡು ಬಿಡಿಸಿದೋನು ಬೆಳಿಗ್ಗೆ ಚೀಲ ಹೊತ್ತು ಬರ್ತಾನೆ. ಜಾಲರಿಗೆ ಸುರೀತಾನೆ, ಲಾಟ್ ನಂಬರ್ ಬೀಳುತ್ತೆ. ರೀಲರ್ ಬಂದು ಮೊಣಕೈವರೆಗೆ ಕೈ ಹಾಕಿ ಅಡಿಯಿಂದ ಒಂದು ಹಿಡಿ ತೆಗೀತಾನೆ, ಮೇಲಿನ ಚೆಂದ ಗೂಡನ್ನ ನಂಬೋನಲ್ಲ ಅವನು. ಮೊದಲು ಕೂಗೋರು, ಈಗ ಮೊಬೈಲಲ್ಲಿ ಒತ್ತುತಾರೆ. ಮಧ್ಯಾಹ್ನಕ್ಕೆ ಅದೇ ಗೂಡು ಎರಡು ಬೀದಿ ಆಚೆ ಕುದಿಯೋ ನೀರಿನಲ್ಲಿದೆ. ಬಿಚ್ಚಣಿಕೆ ಆದ್ರೆ ಹುರಿ ಮಾಡೋನು ಇದಾನೆ, ಒಳಗಿನ ಹುಳಕ್ಕೂ ಗಿರಾಕಿ ಇದಾನೆ, ನೂಲು ಕಂಚಿಗೋ ಧರ್ಮಾವರಕ್ಕೋ ಹೋಗುತ್ತೆ. ಚಾಕಿ ಸೆಂಟರಿನೋನು ಎರಡನೇ ಜ್ವರದವರೆಗೂ ಸಾಕಿ ಮನೆ ಬಾಗಿಲಿಗೆ ಹುಳ ತಂದುಕೊಡ್ತಾನೆ. ಬ್ಲೀಚಿಂಗ್ ಪೌಡರ್ ಅಂಗಡಿ, ಹುಳ ಗೂಡು ಕಟ್ಟೋ ಚಂದ್ರಂಕಿ ಬಾಡಿಗೆಗೆ ಕೊಡೋನು, ಸೊಪ್ಪು ಸಾಲದಿದ್ರೆ ತೋಟ ಮಾರೋನು, ಕೈಸಾಲ ಕೊಡೋನು. ಹುಳ ಅನ್ನೋದು ಇದರಲ್ಲಿ ಒಂದು ತುಂಡು. ನೀನು ಆ ತುಂಡು ತಗೊಂಡು ಹೋದೆ. ಹುಳ ಕಲಿಸಬಹುದು ಕಣಮ್ಮ, ಶಿಡ್ಲಘಟ್ಟ ಕಲಿಸೋಕಾಗಲ್ಲ.

— ಇದನ್ನ ಹೋಗೋ ಮೊದಲು ಯಾಕೆ ಹೇಳಲಿಲ್ಲ?

— ಕೇಳಿದ್ಯಾ? ವೀಸಾ ಬಂದ ಮೇಲೆ ಆಶೀರ್ವಾದಕ್ಕೆ ಬಂದೆ.

— ಹಾಗಾದ್ರೆ ಜಪಾನಿನವರು ಬಂದಿದ್ದು? ಅವರೂ ಹೊರಗಿನೋರೇ. ದ್ವಿತಳಿ ಹುಳ ಇಲ್ಲಿ ನೆಲೆ ನಿಲ್ಲೋ ಹಾಗೆ ಮಾಡಿ ಹೋದ್ರಲ್ಲ.

— ಅವರ ಲೆಕ್ಕ ಬೇರೆ. ಮೊದಲನೇದು, ಅವರು ಸಂಬಳದ ತಜ್ಞರು. ಎರಡನೇದು, 1991ರಲ್ಲಿ ಜಪಾನ್ ಸರ್ಕಾರದ ಜೈಕಾ ಸಂಸ್ಥೆಯವರು ಕೇಂದ್ರ ರೇಷ್ಮೆ ಮಂಡಳಿ ಜೊತೆ ಮೈಸೂರಲ್ಲಿ ಶುರು ಮಾಡಿದ್ದು ಹಂತ ಹಂತವಾಗಿ 2007ರವರೆಗೂ ನಡೀತು. ಹದಿನಾರು ವರ್ಷ! ಸಿಎಸ್‌ಆರ್-2, ಸಿಎಸ್‌ಆರ್-4 ತಳಿ ಆ ಕಾಲದ್ದು. ತಟ್ಟೆಯಲ್ಲಿ ಎಲೆ ಹಾಕೋದು ಬಿಟ್ಟು ರೆಂಬೆ ಸಮೇತ ಹಾಕೋದನ್ನ ರೈತರ ಮನೆಗೆ ತಂದದ್ದೂ ಆಗಲೇ. ನಾನು ಒಬ್ಬ ಜಪಾನಿಯ ಜೊತೆ ಓಡಾಡಿದೀನಿ. ಹುಳಮನೆಗೆ ಹೋದ ತಕ್ಷಣ ಹುಳ ನೋಡ್ತಿರಲಿಲ್ಲ ಅವನು. ನೆಲ ನೋಡೋನು, ಮೂಲೆ ನೋಡೋನು, ಕೈತೊಳೆಯೋ ಬೇಸಿನ್ ಎಲ್ಲಿದೆ ಅಂತ ನೋಡೋನು. ರೈತ ಗೂಡು ತೋರಿಸ್ತಾ ಇದ್ರೆ ಇವನು ಬ್ಲೀಚಿಂಗ್ ಪೌಡರ್ ಚೀಲದ ಬಾಯಿ ಕಟ್ಟಿದಾರಾ ಅಂತ ಮುಟ್ಟಿ ನೋಡೋನು. ಮೂರನೇದು ಎಲ್ಲಕ್ಕಿಂತ ದೊಡ್ಡದು. ಅವರು ಬರೋ ಹೊತ್ತಿಗೆ ಇಲ್ಲಿ ಶಿಡ್ಲಘಟ್ಟ ಇತ್ತು, ರಾಮನಗರ ಇತ್ತು. ಹರಾಜು ಕಟ್ಟೆ ಕಟ್ಟೋ ಕೆಲಸ ಅವರದಾಗಿರಲಿಲ್ಲ.

— ಶಿಡ್ಲಘಟ್ಟ ಯಾರು ಕಟ್ಟಿದ್ದು? ಆಕಾಶದಿಂದ ಬಿತ್ತಾ? ಟಿಪ್ಪು ಕಾಲದಿಂದ ಬಂದೋರೆಲ್ಲ ಹೊರಗಿನೋರೇ ಅಲ್ವಾ? ಜೆಮ್‌ಶೆಟ್‌ಜಿ ಟಾಟಾ ಬೆಂಗಳೂರಲ್ಲಿ ಸಿಲ್ಕ್ ಫಾರಂ ಮಾಡಿದಾಗ ಜಪಾನಿನವರನ್ನ ಕರೆಸಿದ್ರು, ಬಸವನಗುಡಿ ಹತ್ರ ಆ ಜಾಗಕ್ಕೆ ಇವತ್ತೂ ಅದೇ ಹೆಸರು. ನಮ್ಮ ಮುದ್ದೇನಹಳ್ಳಿ ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ ಇಟಲಿಯ ವಾಷಿಂಗ್ಟನ್ ಮಾರಿಯನ್ನ ಕರೆಸಿದ್ರು. ಕಾಲೇಜಲ್ಲಿ ಮೊದಲ ಪಾಠವೇ ಅದು.

— ಕರೆಸಿದ್ರು. ಆ ಮಾತನ್ನ ಬಿಡಬೇಡ. ಯಾರಿಗೆ ಏನು ಗೊತ್ತಿದೆ, ನಮಗೆ ಯಾವುದು ಬೇಕು ಅಂತ ನೋಡಿ ಕರೆಸಿದ್ರು, ಕೆಲಸ ಮುಗಿದ ಮೇಲೆ ಕಳಿಸಿದ್ರು. ವಿಶ್ವೇಶ್ವರಯ್ಯನವರು ಅದಕ್ಕೂ ಮೊದಲೇ 1898ರಲ್ಲಿ ತಾವೇ ಜಪಾನಿಗೆ ಹೋಗಿ ನೋಡ್ಕೊಂಡು ಬಂದಿದ್ರು. ನಿನ್ನನ್ನ ಯಾರು ಕರೆಸಿದ್ರು? ಆ ಊರೋರಾ?

— ಇಲ್ಲ. ಸಂಸ್ಥೆಯೋರು ಕಳಿಸಿದ್ರು.

— ಅಷ್ಟೇ ವ್ಯತ್ಯಾಸ.

— ಅಷ್ಟೇ ಅಲ್ಲ. ನೀವು ಎಲ್ಲಾನೂ ದುಡ್ಡು, ಮಾರ್ಕೆಟ್ಟು ಅಂತ ನೋಡ್ತೀರ. ಚಿಕ್ಕಬಳ್ಳಾಪುರದ ಮಿಷನ್ ಆಸ್ಪತ್ರೆ ನೋಡಿ. ನೂರು ವರ್ಷಕ್ಕೂ ಹಿಂದೆ ಲಂಡನ್ ಮಿಷನ್‌ನವರು ಬಂದು ಶುರು ಮಾಡಿದ್ದು. ಅವರನ್ನ ಈ ಊರೋರು ಕರೆಸಿದ್ರಾ? ಅಜ್ಜಿ ಹೆರಿಗೆ ಅಲ್ಲೇ ಆಗಿದ್ದು ಅಂತ ನೀವೇ ಹೇಳ್ತೀರ.

— ಆಯ್ತು, ಆ ಮಾತು ಒಪ್ಪಿದೆ. ಆದ್ರೆ ಆ ದೊರೆಸಾನಿ ನರ್ಸುಗಳು ಎರಡು ವರ್ಷಕ್ಕೆ ಟಿಕೆಟ್ ಮಾಡಿಸಿಕೊಂಡು ಬಂದೋರಲ್ಲ. ತೆಲುಗಲ್ಲಿ ಬೈಯೋ ಅಷ್ಟು ಕಾಲ ಇದ್ರು. ಮತ್ತೆ ಅವರಿಗೆ ಧರ್ಮದ ಕೆಲಸವೂ ಇತ್ತು, ಅದೊಂದು ಬೇರೆ ಚರ್ಚೆ, ಇವತ್ತು ಬೇಡ.

— ಎಲ್ಲರೂ ಜೀವಮಾನ ಕೊಡೋಕಾಗಲ್ಲ ದೊಡ್ಡಪ್ಪ.

— ಆಗಲ್ಲ. ಕೊಡು ಅಂತಲೂ ನಾನು ಹೇಳ್ತಿಲ್ಲ. ಗೌರಿಬಿದನೂರು ಹೊಸೂರಿನ ಎಚ್. ನರಸಿಂಹಯ್ಯನವರು ಅಮೆರಿಕದ ಓಹಾಯೊಗೆ ಹೋಗಿ ಪಿಎಚ್.ಡಿ. ಮಾಡಿ ಬಂದ್ರು. ಬಂದೋರು ಗೌರಿಬಿದನೂರಲ್ಲಿ, ಬಾಗೇಪಲ್ಲಿಯಲ್ಲಿ ಕಾಲೇಜು ತೆರೆಸಿದ್ರು. ಅವರು ಹೊರಗೆ ಹೋಗಿದ್ದು ತರೋಕೆ.

— ನಾನೂ ತಂದಿದೀನಿ. ಕೇಳಿಸಿಕೊಳ್ಳಿ. ಮಧ್ಯಾಹ್ನ ಅನ್ನೋದನ್ನ ನಾನು ಅಲ್ಲಿ ಕಲಿತೆ. ನಗಬೇಡಿ. ಬೆಳಿಗ್ಗೆ ನೀರು, ಸೊಪ್ಪು, ಹುಳ, ಓಡಾಟ. ಸಂಜೆ ಮತ್ತೆ ಮೇವು. ನಡುವೆ ಮಧ್ಯಾಹ್ನ ಒಂದರಿಂದ ನಾಲ್ಕು, ನಂಗೆ ಕೆಲಸವೇ ಇಲ್ಲ. ಮೊದಮೊದಲು ವರದಿ ಬರೆದೆ, ಬಟ್ಟೆ ಒಗೆದೆ, ಫೋನಲ್ಲಿ ಸಿಗ್ನಲ್ ಹುಡುಕ್ಕೊಂಡು ದಿಬ್ಬ ಹತ್ತಿದೆ. ಕಳಿಸಿದೋರಿಗೆ ಲೆಕ್ಕ ಕೊಡಬೇಕಲ್ಲ, ಸುಮ್ನೆ ಕೂರೋಕೆ ಭಯ. ಆಮೇಲೆ ಬಿಟ್ಟೆ. ಜಗಲೀಲಿ ಕೂತೆ. ಆವಾಗ ಜನ ಬಂದ್ರು. ಒಬ್ಬಳು ಕಾಗದ ತಂದ್ಲು, ಟೀ ಎಸ್ಟೇಟಿನೋರು ಕೊಟ್ಟಿದ್ದು, ಏನು ಬರೆದಿದೆ ನೋಡು ಅಂತ. ಒಬ್ಬ ಪಂಪಿನ ಕಮಿಟಿ ಪುಸ್ತಕ ತಂದ, ಲೆಕ್ಕ ಕೂಡ್ತಿಲ್ಲ ಅಂತ. ತಿಂಗಳಿಗೆ ಮನೆಗಿಷ್ಟು ಅಂತ ಎತ್ತಿ, ಕೆಟ್ಟಾಗ ಮೆಕ್ಯಾನಿಕ್ಕಿಗೆ ಕೊಡೋ ದುಡ್ಡು ಅದು. ಎರಡು ಕಾಲಂ ಗೆರೆ ಹಾಕಿಕೊಟ್ಟೆ, ಅಷ್ಟೇ. ಆ ಪುಸ್ತಕ ಈಗಲೂ ನಡೀತಿದೆ.

— ಅದು ವರದಿಯಲ್ಲಿ ಬಂತಾ?

— ಎಲ್ಲಿ ಬರುತ್ತೆ? ಫಾರಂನಲ್ಲಿ ‘ತರಬೇತಿ ಪಡೆದ ರೇಷ್ಮೆ ಬೆಳೆಗಾರರ ಸಂಖ್ಯೆ’ ಅಂತ ಇತ್ತು.

— ಸಂಖ್ಯೆ ಚೆನ್ನಾಗಿ ಬರೆದ್ಯಾ?

— ಚೆನ್ನಾಗೇ ಬರೆದೆ.

(ಇಬ್ಬರೂ ನಕ್ಕರು. ಇಲಾಖೆಯಲ್ಲಿ ಮೂವತ್ತಕ್ಕೂ ಹೆಚ್ಚು ವರ್ಷ ಫಾರಂ ತುಂಬಿದವರ ನಗು ಸ್ವಲ್ಪ ಜೋರಾಗಿತ್ತು.)

— ಸಾವಿಗೂ ಹೋಗ್ತಿದ್ದೆ. ಅಲ್ಲಿ ಯಾರಾದ್ರೂ ತೀರಿಕೊಂಡ್ರೆ ಅವತ್ತು ಹೊಲಕ್ಕೆ ಯಾರೂ ಇಳಿಯಲ್ಲ. ಒಬ್ಬೊಬ್ಬರೂ ಏನಾದ್ರೂ ಹೊತ್ತುಕೊಂಡು ಹೋಗ್ತಾರೆ, ಸೌದೆ, ಬಾಳೆಗೊನೆ, ನೀರು. ನಾನು ನೀರು ಹೊತ್ತೆ. ನಮ್ಮ ಸಂಸ್ಥೆಯ ಇನ್ನೊಬ್ಬ ಸ್ವಯಂಸೇವಕ, ಯೂರೋಪಿನೋನು, ಪಕ್ಕದ ಊರಲ್ಲಿದ್ದ, ಸಾವಾದ ದಿನವೂ ತರಬೇತಿ ಇಟ್ಟುಕೊಂಡು ಕಾದು ಕೂತಿದ್ದ. ಒಬ್ಬರೂ ಬರಲಿಲ್ಲ ಅಂತ ನನ್ನ ಹತ್ರ ಗೋಳಾಡಿದ. ನಂಗೆ ಹೇಳಿಕೊಡಬೇಕಾಗಿರಲಿಲ್ಲ, ನಮ್ಮೂರಲ್ಲೂ ಅಷ್ಟೇ ತಾನೆ.

— ಅದು ನಿಂಗಿದ್ದ ಅನುಕೂಲ. ಕಾಲೇಜಲ್ಲಿ ಕಲಿತಿದ್ದು ಅಲ್ಲಿ ಅರ್ಧ ಕೈಕೊಟ್ಟಿತು, ಅಮ್ಮನ ಮನೇಲಿ ಕಲಿತಿದ್ದು ಪೂರ್ತಿ ನಡೀತು. ಸರಿ, ಈಗ ಹುಳ ಯಾರಾದ್ರೂ ಮೇಯಿಸ್ತಾ ಇದಾರಾ?

— ಮೂರು ಮನೆಯೋರು. ಮೊಟ್ಟೆ ಸಿಕ್ಕಾಗ. ಮೊಟ್ಟೆ ಅಲ್ಲಿ ಸಿಗಲ್ಲ, ಹೊರಗಿಂದ ಬರಬೇಕು, ದಾರೀಲಿ ಬಿಸಿ ತಗುಲಿದ್ರೆ ಬಂದು ಸೇರೋ ಮೊದಲೇ ಮರಿ ಆಗಿರುತ್ತೆ. ಉಳಿದೋರ ತೋಟದ ಸೊಪ್ಪು ಮೇಕೆಗೆ.

— ಮೇಕೆಗೆ ಒಳ್ಳೇದೇ. ದಂಡ ಆಗಲಿಲ್ಲ ಬಿಡು.

— ಅಲ್ಲಿ ಹುಳ ಮೇಯಿಸಿದ ನಮ್ಮ ಗುಂಪಿನ ಒಬ್ಬ ಹೆಂಗಸು ವಾಟ್ಸಾಪಲ್ಲಿ ಮೆಸೇಜ್ ಮಾಡ್ತಾಳೆ. ಹುಳದ ಮಾತೇ ಇಲ್ಲ. ಅವಳು ಕೇಳ್ತಿರೋದು ಬೇರೆ. ಅಲ್ಲಿ ರಾಗಿ ತೆನೆ ಬರೀ ನೆಲದ ಮೇಲೆ ಒಣಗಿಸಿ ಬಡೀತಾರೆ, ಹಿಟ್ಟಲ್ಲಿ ಕಲ್ಲು ಮರಳು ಸಿಗುತ್ತೆ. ಪೇಟೆಯೋರು ಅದಕ್ಕೇ ಬೆಲೆ ಮುರೀತಾರೆ. ನಮ್ಮ ಕಡೆ ಮಿಲ್ಲಲ್ಲಿ ರಾಗಿ ಹಾಕಿದ್ರೆ ಕಲ್ಲು, ಹೊಟ್ಟು ಬೇರೆ ಆಗಿ ಬರುತ್ತಲ್ಲ, ಆ ಮಿಷನ್ನಿನ ವಿಡಿಯೊ ಒಂದು ಸಲ ತೋರಿಸಿದ್ದೆ. ಅದು ಎಷ್ಟಾಗುತ್ತೆ ಅಂತ ಎರಡು ತಿಂಗಳಿಂದ ಕೇಳ್ತಿದಾಳೆ. ಗುಂಪಲ್ಲಿ ಎಷ್ಟು ದುಡ್ಡಿದೆ ಅಂತಾನೂ ಬರೆದಿದಾಳೆ.

— ಅವಳೇ ಕೇಳಿದ್ಲಾ? ನೀನು ತಲೆಗೆ ತುಂಬಿದ್ದಲ್ಲ ತಾನೆ?

— ಅವಳೇ.

— ಹಾಗಾದ್ರೆ ಸುಮ್ನೆ ಯಾಕೆ ಕೂತಿದೀಯ? ಚಿಂತಾಮಣಿಯಲ್ಲಿ ಅಂಥ ಮಿಷನ್ ಮಾಡಿಕೊಡೋ ವರ್ಕ್‌ಶಾಪಿದೆ, ನಾಳೆ ಸಂತೆ, ಬಸ್ಸಿಗೆ ಹೋಗೋಣ. ಅಲ್ಲಿ ಕರೆಂಟು ಸಿಂಗಲ್ ಫೇಸಾ, ತ್ರೀ ಫೇಸಾ?

— ಆ ಊರಿಗೆ ಕರೆಂಟೇ ಇಲ್ಲ ದೊಡ್ಡಪ್ಪ. ಸಂತೆ ಊರಲ್ಲಿ ಮೆಕ್ಕೆಜೋಳದ ಮಿಲ್ಲಿದೆ, ಡೀಸೆಲ್ ಇಂಜಿನ್ನು.

— ಇಂಜಿನ್ ಕೆಟ್ರೆ ರಿಪೇರಿ ಮಾಡೋನು?

— ಇದಾನೆ. ಮಿಲ್ಲಿನೋನ ತಮ್ಮ.

— ಜರಡಿ ಹರಿದ್ರೆ?

— ಜರಡಿ ಸಿಗಲ್ಲ ಅನ್ಸುತ್ತೆ.

— ಹಾಗಾದ್ರೆ ಮಿಷನ್ ಆಮೇಲೆ. ಮೊದಲು ಅವಳಿಗೆ ಮೆಸೇಜ್ ಹಾಕು, ಆ ಮಿಲ್ಲಲ್ಲಿ ಯಾವ ಸೈಜಿನ ಬೆಲ್ಟ್ ಓಡ್ತಿದೆ, ಫೋಟೊ ತೆಗೆದು ಕಳಿಸು ಅಂತ. ಬೆಲ್ಟ್ ಮೇಲೆ ನಂಬರ್ ಇರುತ್ತೆ, ಅದು ಕಾಣಬೇಕು.

— ಈಗ ಅಲ್ಲಿ ಬೆಳಿಗ್ಗೆ. ಪಂಪಿನ ಹತ್ರ ಇರ್ತಾಳೆ.

— ಇರಲಿ, ಹಾಕು. ಮತ್ತೆ ಜರಡಿ ಕಣ್ಣಿನ ಅಳತೆಗೆ ಅವರ ರಾಗಿ ಒಂದು ಹಿಡಿ ಬೇಕು. ತಂದಿದೀಯಾ?

— ಚೀಲದ ತಳದಲ್ಲಿ ಇರಬೇಕು. ಅಮ್ಮ ಗೂಡೆಗೆ ಸುರಿದು ನಮ್ಮ ರಾಗಿಗೆ ಬೆರೆಸದೆ ಇದ್ರೆ.